ಆಟಗಾರನಿಗೊಂದು ವಾರಾನ್ನ

ಗಣಪತಿಯ ಹಬ್ಬ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಗೃಹಸ್ಥರು ಬಾಗಿಲ ಗಂಟೆಯ ಸದ್ದಿಗೆ ತುಸು ಅಂಜುತ್ತಾರೆ. ಹೊರಗೆ ನಿಂತ ನಾಲ್ವರು ತರುಣರ ಕೈಯಲ್ಲಿ ರಸೀತಿ ಪುಸ್ತಕವಿರುವುದು ಖಂಡಿತ. ಗಣಪತಿಯ ಗಲಾಟೆ ತಣ್ಣಗಾಯಿತೆನ್ನುವಷ್ಟರಲ್ಲಿ ರಾಜ್ಯೋತ್ಸವ. ಅದಾದರೋ ನವೆಂಬರ್ ಒಂದರಂದು ಆರಂಭವಾಗಿ ತಿಂಗಳಿಡೀ ಬೀದಿಯಿಂದ ಬೀದಿಗೆ ನಡೆಯುವ ಉತ್ಸವ. ಐನೂರು ಕೇಳಿದವರಿಗೆ ನೂರು ಕೊಟ್ಟು, "ಮುಂದಿನ ವರ್ಷ ನೋಡೋಣಪ್ಪ" ಎಂದು ಕದ ಹಾಕಿಕೊಳ್ಳುವ ಯಜಮಾನರು ಆ ರಸೀತಿಯನ್ನು ಓದುವ ಗೋಜಿಗೆ ಹೋಗುವುದಿಲ್ಲ. ಓದಿದ್ದರೆ, ಆರ್ಕೆಸ್ಟ್ರಾ, ಅನ್ನಸಂತರ್ಪಣೆಗಳ ಸಾಲಿನ ಕೆಳಗೆ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಎಂಬ ಮಾತೂ ಎಷ್ಟೋ ಸಲ ಕಣ್ಣಿಗೆ ಬೀಳುತ್ತಿತ್ತು. ಆ ಅಂಕಣಕ್ಕೆ ಇಳಿಯುವವರಲ್ಲಿ ಕಾಲೇಜು ಹುಡುಗರೂ ಇರುತ್ತಾರೆ; ಗೆದ್ದ ತಂಡದ ನಗದು ಬಹುಮಾನ ಅವರಿಗೂ ಹಂಚಿಹೋಗುತ್ತದೆ. ಅಂದಮೇಲೆ, ಕಬಡ್ಡಿಯತ್ತ ಕಣ್ಣೆತ್ತಿಯೂ ನೋಡದ ಆ ಯಜಮಾನರು ತಮಗರಿವಿಲ್ಲದೆಯೇ ವಿದ್ಯಾರ್ಥಿ ಆಟಗಾರರ ಪೋಷಕರಾಗಿಬಿಟ್ಟರು.

ಹೀಗೆ ಅರಿಯದೆ ಕೊಡುವುದನ್ನೇ ಅರಿತು ಕೊಡಬೇಕೆ? ಆಟ ನೋಡಿ ಸಂತೋಷಪಡುವ ಸಾಮಾನ್ಯ ಪ್ರೇಕ್ಷಕನು, ಆಡುವ ವಿದ್ಯಾರ್ಥಿಯ ಕೈಗೂ ಏನಾದರೂ ಹಾಕಬೇಕಾದುದು ನ್ಯಾಯವೆ? ಈ ಪ್ರಶ್ನೆ ಅಮೆರಿಕದಲ್ಲಿ ಈಗ ಬಹಳ ಬಿಸಿಯಾಗಿದೆ.

ಅಲ್ಲಿ ಕಾಲೇಜು ಫುಟ್‌ಬಾಲೆಂದರೆ, ನಾಲ್ವರು ಗೆಳೆಯರೂ ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರೂ ದಾರಿ ತಪ್ಪಿ ಬಂದ ಒಂದು ನಾಯಿಯೂ ಕೂಡಿ ನೋಡುವ ನಮ್ಮ ಅಂತರ ಕಾಲೇಜು ಪಂದ್ಯದಂಥದಲ್ಲ. ಟೆನೆಸಿ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನ ಕೂರುತ್ತಾರೆ. ಟೆಲಿವಿಷನ್ ಕಂಪೆನಿಗಳು ಹಣ ಸುರಿಯುತ್ತವೆ. ತರಬೇತುದಾರನ ಸಂಬಳ ಕುಲಪತಿಯ ಸಂಬಳವನ್ನು ಮೀರಿಸುತ್ತದೆ. ಆದರೆ 1906ರಲ್ಲಿ ಹುಟ್ಟಿದ ಅಲ್ಲಿನ ಕಾಲೇಜು ಕ್ರೀಡಾ ಸಂಘವು ಆಡುವ ಹುಡುಗನಿಗೆ ಮಾತ್ರ ವಿದ್ಯಾರ್ಥಿವೇತನದ ಹೊರತು ಕಾಸು ಮುಟ್ಟಬಾರದೆಂಬ ಮಡಿಯನ್ನು ಬಹುಕಾಲ ಕಾಪಾಡಿಕೊಂಡು ಬಂತು. 2021ರ ಜೂನ್ 21ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರೂ ಏಕಾಭಿಪ್ರಾಯದಿಂದ, ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಸಂಘವು ಹಾಕಿದ್ದ ಮಿತಿಗಳು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತರು. ಹತ್ತು ದಿನಗಳೊಳಗೆ, ತಮ್ಮ ಹೆಸರು ಮತ್ತು ಚಿತ್ರಗಳಿಂದ ವಿದ್ಯಾರ್ಥಿಗಳು ಸಂಪಾದಿಸಬಹುದೆಂಬ ಅನುಮತಿಯೂ ಬಂತು. ಕೂಡಲೇ ಊರೂರಿನಲ್ಲಿ ಅಭಿಮಾನಿಗಳ ಕೂಟಗಳು ಹುಟ್ಟಿಕೊಂಡು, ತಿಂಗಳಿಗಿಷ್ಟು ವಂತಿಗೆ ಎತ್ತಿ ಆಟಗಾರರಿಗೆ ಹಂಚತೊಡಗಿದವು. 2025ರ ಜೂನ್ 6ರಂದು ನ್ಯಾಯಾಲಯವು ಒಪ್ಪಿದ ರಾಜಿಯಂತೆ, ವಿದ್ಯಾಸಂಸ್ಥೆಯೊಂದು ಮೊದಲ ವರ್ಷದಲ್ಲಿ 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿಯೇ ಕೊಡಬಹುದು. ಹಣವೆಲ್ಲಿ? ಟೆನೆಸಿಯವರು ಮೊದಲೇ ದಾರಿ ಕಂಡುಕೊಂಡಿದ್ದರು. 2025ರ ಫುಟ್‌ಬಾಲ್ ಟಿಕೆಟ್ಟುಗಳ ಮೇಲೆ ನೂರಕ್ಕೆ ಹತ್ತರಂತೆ 'ಪ್ರತಿಭಾ ಶುಲ್ಕ' ವಿಧಿಸುವುದಾಗಿ 2024ರ ಸೆಪ್ಟೆಂಬರಿನಲ್ಲಿಯೇ ಪ್ರಕಟಿಸಿಬಿಟ್ಟರು.

ಆ ದೇಶದ ಸಾಮಾನ್ಯ ಅಭಿಮಾನಿ ಗೊಣಗಿದರೆ ಅವನನ್ನು ಜಿಪುಣನೆನ್ನಲಾಗದು. ಹಾಲಿಗೆ ಬೆಲೆ ತೆತ್ತವನ ಬಳಿ ಹಸುವಿನ ಹುಲ್ಲಿಗೂ ಬೇರೆ ಹಣ ಕೇಳಿದಂತಾಯಿತು. ಹಾಲಿನ ಲಾಭವೆಲ್ಲ ಯಾರ ಪೆಟ್ಟಿಗೆ ಸೇರಿತೆಂದು ಅವನು ಕೇಳುವುದು ಸಹಜವೇ.

ಆಡುವವನು ಹಣ ಮುಟ್ಟಬಾರದೆಂಬ ಮಡಿಗಾದರೂ ಅಂಥ ಪಾವಿತ್ರ್ಯವೇನಿತ್ತು? ಜಿಮ್ ಥೋರ್ಪ್ ಎಂಬ ಅಮೆರಿಕದ ಮೂಲನಿವಾಸಿ ತರುಣನು 1912ರ ಸ್ಟಾಕ್‌ಹೋಂ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದನು. ಅದಕ್ಕೂ ಮೊದಲು ಬೇಸಿಗೆಯ ದಿನಗಳಲ್ಲಿ ಅವನು ಅಲ್ಪಸ್ವಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನೆಂದು ತಿಳಿದು, ಮರುವರ್ಷವೇ ಆ ಪದಕಗಳನ್ನು ಕಿತ್ತುಕೊಂಡರು. ಒಲಿಂಪಿಕ್ ಸಮಿತಿಯು ಅವನ್ನು ಹಿಂತಿರುಗಿಸಲು ಮನಸ್ಸು ಮಾಡಿದ್ದು 1982ರಲ್ಲಿ. ಅಷ್ಟರಲ್ಲಿ ಥೋರ್ಪ್ ತೀರಿಕೊಂಡು ಸುಮಾರು ಮೂವತ್ತು ವರ್ಷಗಳಾಗಿದ್ದವು. ಮನೆಯಲ್ಲಿ ಉಂಡುಟ್ಟು ಬೇಸರವಾದಾಗ ಆಡುವವನಿಗೆ ಈ ನಿಯಮದಿಂದ ನಷ್ಟವಿಲ್ಲ. ದುಡಿದರೆ ಮಾತ್ರ ಊಟವೆಂಬವನಿಗೆ ಅದು ಮೈದಾನದ ಬಾಗಿಲಿಗೆ ಜಡಿದ ಬೀಗ.

ಇನ್ನು ನಮ್ಮ ಊರಿನ ಮಾತು. ಇಲ್ಲಿ ಕಾಲೇಜು ಆಟಗಾರನಿಗೆ ಕೋಟಿ ಕೊಡುವ ಕಥೆಯಿಲ್ಲ. ಟಿಕೆಟ್ಟೇ ಇಲ್ಲದ ಪಂದ್ಯಕ್ಕೆ ಪ್ರತಿಭಾ ಶುಲ್ಕವೆಲ್ಲಿಯದು? ಆದರೂ ಹಣ ಕೊಡುವವರಿಲ್ಲವೆಂದಲ್ಲ. ಮಗಳನ್ನು ಪದವಿ ತರಗತಿಗೆ ಸೇರಿಸಿ ಬಂದ ತಂದೆಯು ಆ ದಿನದ ಶುಲ್ಕದ ರಸೀತಿಯನ್ನೊಮ್ಮೆ ಬಿಡಿಸಿ ನೋಡಬೇಕು. ಗ್ರಂಥಾಲಯ, ಪ್ರಯೋಗಾಲಯಗಳ ನಡುವೆ 'ಕ್ರೀಡಾ ಶುಲ್ಕ'ವೆಂದು ಒಂದು ಸಾಲಿರುತ್ತದೆ. ಮಗಳು ಚೆಂಡನ್ನೇ ಮುಟ್ಟದವಳಾದರೂ ಅದನ್ನು ಕಟ್ಟಲೇಬೇಕು. ತಪ್ಪೇನಿಲ್ಲ, ಗ್ರಂಥಾಲಯದ ಪುಸ್ತಕ ಮುಟ್ಟದವರೂ ಅದರ ಶುಲ್ಕ ಕಟ್ಟುತ್ತಾರಷ್ಟೆ. ಆದರೆ ಸಾವಿರಾರು ಮನೆಗಳಿಂದ ಹೀಗೆ ಸೇರಿದ ಮೊತ್ತದಲ್ಲಿ ಚೆಂಡಿಗೆಷ್ಟು, ಬನಿಯನ್ನಿಗೆಷ್ಟು, ಪ್ರಯಾಣಕ್ಕೆಷ್ಟು, ವಾರ್ಷಿಕೋತ್ಸವದ ಶಾಮಿಯಾನಕ್ಕೆಷ್ಟು ಹೋಯಿತೆಂದು ಕೇಳಿದ ಪೋಷಕರು ಇದ್ದಾರೆಯೆ? ಅಂಕ ಕಡಿಮೆ ಬಿದ್ದರೆ ಪ್ರಾಂಶುಪಾಲರ ಕೊಠಡಿಗೆ ನುಗ್ಗುವ ಧೈರ್ಯವುಳ್ಳವರೂ ಈ ಲೆಕ್ಕ ಕೇಳಲು ನಾಚುತ್ತಾರೆ.

ಸರಕಾರವೂ ಕೈ ಕಟ್ಟಿ ಕುಳಿತಿಲ್ಲ. ಕೆಂಗೇರಿಯ ದಾರಿಯಲ್ಲಿರುವ ಜ್ಞಾನಭಾರತಿಗೆ ಹೋದವರಿಗೆ ಇದು ಕಣ್ಣಾರೆ ಕಾಣುತ್ತದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯದ ಆ ವಿಶಾಲ ಆವರಣದಲ್ಲಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಇದೆ. ದೇಶದ ಹಾಕಿ ತಂಡಗಳು ತರಬೇತಿಗೆ ಬಂದಿಳಿಯುವುದು ಅಲ್ಲಿಗೇ. ಆ ಗೇಟಿನೊಳಗೆ ಆಯ್ಕೆಯಾದವರಿಗೆ ವಸತಿ, ಊಟ, ತರಬೇತಿ, ವೈದ್ಯರು ಎಲ್ಲವೂ ಉಂಟು. ಒಲಿಂಪಿಕ್ ಪದಕದ ಭರವಸೆಯಿರುವವರಿಗೆಂದು 2014ರಲ್ಲಿ ಕೇಂದ್ರ ಸರಕಾರ ರೂಪಿಸಿದ ಯೋಜನೆಯ ಮೇಲಿನ ಪಂಕ್ತಿಯವರಿಗೆ ತಿಂಗಳಿಗೆ 50,000 ರೂಪಾಯಿ ಕೈಖರ್ಚು ಗೊತ್ತುಮಾಡಲಾಯಿತು. ಅದರ ಕೆಳಗಿನ ಮೆಟ್ಟಿಲಾದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕಿರಿಯನೊಬ್ಬನಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ. ಅದರಲ್ಲಿ ಅವನ ಕೈಗೇ ಬರುವುದು 1.20 ಲಕ್ಷ. ಒಪ್ಪತಕ್ಕ ಏರ್ಪಾಡೇ ಸರಿ. ತೊಂದರೆಯಿರುವುದು, ಏಣಿಯ ಈ ಕೊನೆಯ ಮೆಟ್ಟಿಲೂ ನೆಲದಿಂದ ಬಹಳ ಎತ್ತರದಲ್ಲಿರುವುದರಲ್ಲಿ.

ಆ ಮೆಟ್ಟಿಲಿಗೂ ನೆಲಕ್ಕೂ ನಡುವೆ ನೇತಾಡುವವರಾರು? ಕಾಮಾಕ್ಷಿಪಾಳ್ಯದ ವರ್ಕ್‌ಷಾಪೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವರ ಮಗ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವವಳ ಮಗಳು ಎಂದಿಟ್ಟುಕೊಳ್ಳಬಹುದು. ಹುಡುಗನು ಕಾಲೇಜಿನ ಕಬಡ್ಡಿ ತಂಡದ ಒಳ್ಳೆಯ ದಾಳಿಗಾರ. ಬೆಳಗ್ಗೆ ಆರಕ್ಕೆ ಅಭ್ಯಾಸ, ಹತ್ತಕ್ಕೆ ತರಗತಿ, ಸಂಜೆಯಿಂದ ನಡುರಾತ್ರಿಯವರೆಗೆ ಬೈಕಿನ ಹಿಂದೆ ಚೌಕಾಕಾರದ ಚೀಲ ಕಟ್ಟಿಕೊಂಡು ಪರರ ಊಟವನ್ನು ಪರರ ಮನೆಗೆ ಮುಟ್ಟಿಸುವ ಕೆಲಸ. ಆ ಚೀಲದಲ್ಲಿರುವ ಬಿರಿಯಾನಿಯ ಪರಿಮಳ ಅವನ ಮೂಗಿಗೆ, ಅವನ ಹೊಟ್ಟೆಗೆ ಮನೆಯ ಮುದ್ದೆ ಸಾರು. ಮುದ್ದೆಯೇನು ಕೆಟ್ಟದ್ದಲ್ಲ, ಆದರೆ ದಿನಕ್ಕೆ ಎರಡು ಹೊತ್ತು ಮೈ ಮುರಿದು ಆಡುವ ಹತ್ತೊಂಬತ್ತರ ಹರೆಯಕ್ಕೆ ಮೊಟ್ಟೆ, ಹಾಲು, ಕಾಳು ಬೇಡವೆ? ಹುಡುಗಿಯ ಕಥೆ ಇನ್ನೂ ಬೇಗ ಮುಗಿಯುತ್ತದೆ. ಖೊ ಖೊ ಆಡಿ ಕತ್ತಲಾಗಿ ಮನೆಗೆ ಬರುವ ಮಗಳ ಬಗ್ಗೆ ನೆರೆಹೊರೆಯವರು ಒಂದು ಮಾತನ್ನಾಡಿದರೆ ಸಾಕು, ಎರಡನೆಯ ವರ್ಷದ ಕೊನೆಗೆ ಆಟ ನಿಂತೀತು. ಆ ಆಟದಿಂದ ತಿಂಗಳಿಗೆ ಎರಡು ಸಾವಿರ ರೂಪಾಯಿಯಾದರೂ ಮನೆಗೆ ಬರುತ್ತಿದ್ದರೆ ತಾಯಿಯ ಬಾಯಲ್ಲಿ ಅದಕ್ಕೊಂದು ಉತ್ತರವಿರುತ್ತಿತ್ತು.

ಹಿಂದೆ ಈ ಮನೆಗಳಿಗೊಂದು ಆಸೆಯಿತ್ತು. ಮಗ ಚೆನ್ನಾಗಿ ಆಡಿದರೆ ಕಾರ್ಖಾನೆಯೋ ಬ್ಯಾಂಕೋ ಕರೆದು ಕೆಲಸ ಕೊಡುತ್ತಿತ್ತು. ಐ.ಟಿ.ಐ., ಎಚ್.ಎ.ಎಲ್. ಫುಟ್‌ಬಾಲ್ ತಂಡಗಳನ್ನೂ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕುಗಳ ಬ್ಯಾಸ್ಕೆಟ್‌ಬಾಲ್ ತಂಡಗಳನ್ನೂ ಬಲ್ಲ ಹಿರಿಯರು ನಗರದಲ್ಲಿ ಇನ್ನೂ ಇದ್ದಾರೆ. ಕಾಲೇಜಿನ ಮೂರು ವರ್ಷದ ಹಸಿವು ಒಂದು ಖಾಯಂ ನೌಕರಿಯ ಮೇಲಿನ ಸಾಲದಂತಿತ್ತು. 2017ರಲ್ಲಿ ಮೈಸೂರು ಬ್ಯಾಂಕು ದೊಡ್ಡ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕು ಇನ್ನೊಂದರಲ್ಲಿ. ಹಸಿವು ಮಾತ್ರ ಯಾವುದರಲ್ಲಿಯೂ ಲೀನವಾಗಲಿಲ್ಲ.

ಹಾಗಾದರೆ ಅಭಿಮಾನಿ? ಅವನು ಕೊಡುಗೈಯವನಲ್ಲವೆಂದು ಯಾರೂ ಹೇಳುವಂತಿಲ್ಲ. 1983ರಲ್ಲಿ ಕಪಿಲ್ ದೇವರ ತಂಡವು ವಿಶ್ವಕಪ್ ಗೆದ್ದು ಬಂದಾಗ ಕ್ರಿಕೆಟ್ ಮಂಡಳಿಯ ಬೊಕ್ಕಸದಲ್ಲಿ ಬಹುಮಾನಕ್ಕೂ ಹಣವಿರಲಿಲ್ಲ. ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿದರು, ಜನ ಟಿಕೆಟ್ಟು ಕೊಂಡು ಕೇಳಿದರು. ನಮ್ಮ ಕಿರ್ಮಾನಿ, ಬಿನ್ನಿಯವರೂ ಸೇರಿದಂತೆ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಸಂದಿತು. ಅದೇ ಮಂಡಳಿಯು ಮುಂದೆ 2023ರಿಂದ 2027ರವರೆಗಿನ ಐ.ಪಿ.ಎಲ್. ಪ್ರಸಾರದ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿತು. ಇಂದು ಅದಕ್ಕಾಗಿ ಯಾರೂ ಹಾಡಬೇಕಾಗಿಲ್ಲ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಒಂದು ವಾರ ದೇಶವೇ ಅವರನ್ನು ಹೆಗಲ ಮೇಲೆ ಹೊತ್ತಿತು. ಮುಖ್ಯಮಂತ್ರಿಗಳು ಮೂರು ಲಕ್ಷದ ಚೆಕ್ಕು ಕೊಟ್ಟರು. ಜ್ಞಾನಭಾರತಿಯ ಕೇಂದ್ರಕ್ಕೆ ಬಂದು ಓಡಿ ತೋರಿಸಿರೆಂದು ಕರೆಯೂ ಹೋಯಿತು. ಕೋಣದ ಹಿಂದೆ ಗದ್ದೆಯಲ್ಲಿ ಓಡುವುದೇ ಬೇರೆ, ಟ್ರ್ಯಾಕಿನಲ್ಲಿ ಓಡುವುದೇ ಬೇರೆಯೆಂದು ತಿಳಿದಿದ್ದ ಆ ವಿವೇಕಿ ಒಲ್ಲೆನೆಂದರು. ಅಭಿಮಾನಿಯ ಪ್ರೀತಿಯೆಂದರೆ ಹೀಗೆಯೆ. ಅದು ಆಷಾಢದ ಗಾಳಿಯಂತೆ ಒಮ್ಮೆಗೇ ಬೀಸಿ ಬರುತ್ತದೆ, ಅದೂ ಗೆದ್ದಮೇಲೆ. ಗೆಲ್ಲುವುದಕ್ಕೆ ಮುಂಚಿನ ಆರು ವರ್ಷ ಹುಡುಗ ಏನು ತಿಂದನೆಂಬುದು ಅದಕ್ಕೆ ತಿಳಿಯದು.

ಸುನಿಲ್ ಛೇತ್ರಿಯವರು 2018ರಲ್ಲಿ ಕೇಳಿದ್ದು ಹಣವನ್ನಲ್ಲ. ಮುಂಬಯಿಯಲ್ಲಿ ಭಾರತದ ಫುಟ್‌ಬಾಲ್ ಪಂದ್ಯವನ್ನು ನೋಡಲು 2,569 ಜನ ಮಾತ್ರ ಬಂದಿದ್ದರು. ಬೆಂಗಳೂರು ಎಫ್.ಸಿ. ತಂಡದ ನಾಯಕರೂ ಆಗಿದ್ದ ಅವರು ಮರುದಿನ ಕೈಜೋಡಿಸಿ, ಬೈಯುವುದಕ್ಕಾದರೂ ಮೈದಾನಕ್ಕೆ ಬನ್ನಿರೆಂದು ಜನರನ್ನು ಬೇಡಿಕೊಂಡರು. ಮುಂದಿನ ಪಂದ್ಯಕ್ಕೆ ಟಿಕೆಟ್ಟುಗಳೆಲ್ಲ ಖರ್ಚಾದವು. ಪ್ರೇಕ್ಷಕನಿಂದ ಆಟಗಾರನಿಗೆ ಸಲ್ಲಬೇಕಾದ ಮೊದಲ ಕಂತು ಅವನ ಹಾಜರಿಯೇ ಎಂಬುದನ್ನು ಛೇತ್ರಿ ಬಲ್ಲವರು.

ಎರಡನೆಯ ಕಂತಿನ ವಿಷಯಕ್ಕೆ ಬಂದರೆ, ಕನ್ನಡ ನಾಡಿನ ಮಧ್ಯಮ ವರ್ಗದ ಮನೆಗಳು ಟೆನೆಸಿಯಿಂದ ಪಾಠ ಕಲಿಯಬೇಕಾಗಿಲ್ಲ. ವಾರಾನ್ನವೆಂಬ ಮಾತನ್ನು ಅಜ್ಜಂದಿರ ಬಾಯಿಂದ ಕೇಳಿದ ವಾಚಕರು ಅನೇಕರಿರಬಹುದು. ಹಳ್ಳಿಯಿಂದ ಬೆಂಗಳೂರಿಗೋ ಮೈಸೂರಿಗೋ ಓದಲು ಬಂದ ಬಡ ಹುಡುಗನು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಪರೀಕ್ಷೆ ಮುಗಿಸುತ್ತಿದ್ದನು. ಅನ್ನವಿಕ್ಕಿದ ಮನೆಗಳೇನೂ ಸಾಹುಕಾರರವಲ್ಲ. ಗುಮಾಸ್ತರ, ಮೇಷ್ಟರ ಮನೆಗಳು. ಏಳು ಮನೆಗಳು ಹಂಚಿಕೊಂಡದ್ದರಿಂದ ಯಾರಿಗೂ ಭಾರವಾಗಲಿಲ್ಲ. ಹುಡುಗ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೆ ಮಾತ್ರ ಅನ್ನ, ಇಲ್ಲದಿದ್ದರೆ ಇಲ್ಲವೆಂದು ಯಾರೂ ಕರಾರು ಬರೆಸಿಕೊಳ್ಳಲಿಲ್ಲ. ಪುಸ್ತಕ ಹಿಡಿದ ಕೈಗೆ ಅನ್ನವಿಕ್ಕುವುದು ಪುಣ್ಯವೆಂದು ತಿಳಿದ ಈ ಸಮಾಜಕ್ಕೆ, ಅದೇ ಕೈ ಚೆಂಡು ಹಿಡಿದರೆ ಅದು ಪೋಲಿತನವಾಗಿ ಕಂಡದ್ದೇಕೋ!

ವಾರಾನ್ನವನ್ನು ಹೊಗಳುವಾಗ ಅದರ ಕಹಿಯನ್ನು ಮರೆಯಬಾರದು. ಹೆಚ್ಚಿನ ಕಡೆ ಅದು ಜಾತಿಯ ಹೊಸ್ತಿಲು ದಾಟಲಿಲ್ಲ. ಉಂಡವರಲ್ಲಿ ಎಷ್ಟೋ ಮಂದಿಗೆ, ದೊಡ್ಡವರಾದ ಮೇಲೂ, ಅನ್ನದ ರುಚಿಗಿಂತ ಇಕ್ಕಿದವರ ಮುಖದ ಗಂಟೇ ನೆನಪಿನಲ್ಲಿ ಉಳಿಯಿತು. ಕೊಡುವವನು ಎದುರಿಗೆ ನಿಂತಿದ್ದರೆ ತಿನ್ನುವವನ ಗಂಟಲು ಹಿಡಿಯುತ್ತದೆ. ಗರಡಿಮನೆಯ ಪೈಲ್ವಾನರಿಗೂ ಇದು ಗೊತ್ತು. ಕುಸ್ತಿಯನ್ನು ಮೆಚ್ಚಿ ಕಣದಲ್ಲಿಯೇ ಕೈಗೆ ನೋಟಿಡುವ ಸಾಮಾನ್ಯ ಪ್ರೇಕ್ಷಕನಿಂದ ಪೈಲ್ವಾನನಿಗೆ ಭಯವಿಲ್ಲ. ಹಾಲು, ಬಾದಾಮಿ, ತುಪ್ಪಗಳ ಖರ್ಚನ್ನೆಲ್ಲ ಒಬ್ಬನೇ ಹೊತ್ತ ಧಣಿಯು ಮಾತ್ರ ಯಾರೊಡನೆ ಹಿಡಿಯಬೇಕು, ಯಾವಾಗ ಹಿಡಿಯಬೇಕೆಂಬುದನ್ನೂ ತಾನೇ ನಿರ್ಣಯಿಸಬಲ್ಲನು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಬೆಟ್ಟಿಂಗ್ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಒಂದು ತಂಡದ ಒಡೆಯನೂ ಆಟಗಾರರೂ ಇದ್ದರೆಂಬುದು ನೆನಪಿನಲ್ಲಿರಲಿ. ಆದ್ದರಿಂದ ಒಬ್ಬನ ಹತ್ತು ಸಾವಿರಕ್ಕಿಂತ ನೂರು ಜನರ ನೂರು ರೂಪಾಯಿ ಲೇಸು. ನೂರು ಜನ ಒಡೆಯರಿರುವವನಿಗೆ ಒಡೆಯನೇ ಇಲ್ಲ.

ಈ ಲೆಕ್ಕವನ್ನು ಕೊಂಚ ಮುಂದುವರಿಸಿದರೆ ಒಂದು ಸ್ವಾರಸ್ಯ ಹೊರಡುತ್ತದೆ. ಬಸವೇಶ್ವರನಗರದ ಒಂದು ಬಡಾವಣೆಯಲ್ಲಿ ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ತಿಂಗಳಿಗೆ ಹತ್ತು ಸಾವಿರವಾಯಿತು, ವರ್ಷಕ್ಕೆ 1.20 ಲಕ್ಷ. ಇದು ಖೇಲೋ ಇಂಡಿಯಾದಲ್ಲಿ ಆಯ್ಕೆಯಾದವನ ಕೈಗೆ ಬರುವ ಮೊತ್ತಕ್ಕೆ ಸರಿಸಮ! ಮೊಟ್ಟೆ, ಹಾಲು, ಬಾಳೆಹಣ್ಣಿನ ಖರ್ಚಿಗಷ್ಟೆ ಮೀಸಲಿಟ್ಟರೆ ಅದರಲ್ಲಿಯೇ ನಾಲ್ಕೈದು ಮಂದಿಯ ಕೊರತೆ ತುಂಬೀತು. ಒಂದು ಭಾನುವಾರ ಇಡೀ ಸಂಸಾರ ದರ್ಶಿನಿಗೆ ಹೋಗಿ ದೋಸೆ ಕಾಫಿ ಮುಗಿಸಿ ಬಂದರೆ ತಿಂಗಳ ಈ ನೂರಕ್ಕಿಂತ ಹೆಚ್ಚೇ ಆಗುತ್ತದೆ.

ತೆರಿಗೆ ಕಟ್ಟುತ್ತಿರುವಾಗ ಮತ್ತೆ ಇದೇಕೆ ಎಂಬ ಆಕ್ಷೇಪ ಏಳದಿರದು. ಅದರಲ್ಲಿ ತಿರುಳೂ ಇದೆ. 2025ರ ಸೆಪ್ಟೆಂಬರ್ 22ರಿಂದ ಐ.ಪಿ.ಎಲ್. ಟಿಕೆಟ್ಟಿನ ಮೇಲಿನ ತೆರಿಗೆಯನ್ನೇ ನೂರಕ್ಕೆ ನಲವತ್ತಕ್ಕೆ ಏರಿಸಲಾಯಿತು. 1998ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ರೀಡಾಭಿವೃದ್ಧಿ ನಿಧಿಗೆ ದಾನ ಮಾಡುವವರೂ ಉಂಟು. ಆದರೆ ದೆಹಲಿಗೆ ಹೋದ ಹಣ ಮಾಗಡಿ ರಸ್ತೆಗೆ ಹಿಂತಿರುಗುವ ದಾರಿ ದೂರದ್ದು. ಸರಕಾರದ ಅನ್ನವಾದರೂ ಎಲ್ಲೆಡೆ ಅನ್ನವಾಗಿಯೇ ತಲಪುತ್ತದೆನ್ನುವಂತಿಲ್ಲ. 2022ರಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕಬಡ್ಡಿ ಆಡಲು ಬಂದ ಬಾಲಕಿಯರಿಗಾಗಿ ಬೇಯಿಸಿದ ಅನ್ನವನ್ನು ಶೌಚಾಲಯದಲ್ಲಿ ಇಟ್ಟಿದ್ದ ದೃಶ್ಯವನ್ನು ದೇಶವೇ ಕಂಡಿತು. ನೆರೆಯವರ ಕಣ್ಣಿದ್ದ ಕಡೆ ಹಾಗಾಗುವುದು ಕಷ್ಟ.

ಅಂತೂ ಕೊಡಬೇಕೆನ್ನುವವರು ಕೆಲವು ನಿಷ್ಠುರಗಳನ್ನು ಮೊದಲೇ ಕಟ್ಟಿಕೊಳ್ಳುವುದು ಮೇಲು. ಕ್ರೀಡಾ ಶುಲ್ಕದ ಲೆಕ್ಕವನ್ನು ಸೂಚನಾ ಫಲಕದ ಮೇಲೆ ಅಂಟಿಸದ ಕಾಲೇಜಿಗೆ ಮೇಲೊಂದು ಕಾಸೂ ಹೋಗಬಾರದು. ಹೋದರೆ ಆ ಶುಲ್ಕವೆಲ್ಲ ನೆಮ್ಮದಿಯಾಗಿ ಶಾಮಿಯಾನಕ್ಕೇ ಸಂದೀತು. ಪದಕ ಗೆದ್ದವನಿಗೆ ಶಾಲು ಹೊದಿಸುವ ಸಡಗರಕ್ಕೆ ಈ ಹಣವಲ್ಲ. ಅಂಥವನಿಗೆ ಕೊಡುವವರು ಬೇರೆಯೇ ಸಾಲುಗಟ್ಟಿರುತ್ತಾರೆ. ಎಲ್ಲಕ್ಕಿಂತ ಮೊದಲ ಹಕ್ಕು ಮೊಣಕಾಲು ತಿರುಚಿಕೊಂಡು ಹಾಸಿಗೆ ಹಿಡಿದವನದು. ಕಬಡ್ಡಿಯ ಅಂಕಣದಲ್ಲಿ ಲಿಗಮೆಂಟು ಹರಿದ ದಿನ ಹುಡುಗನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವವರೆಗೂ ತಂಡವೆಲ್ಲ ಜೊತೆಗಿರುತ್ತದೆ. ಆಪರೇಷನ್ನಿಗೆ ಹಣ ಕಟ್ಟುವ ಕಿಟಕಿಯ ಮುಂದೆ ಅವನ ತಂದೆ ಒಬ್ಬನೇ ನಿಂತಿರುತ್ತಾನೆ. ಕಾಲೇಜು ಕೊಟ್ಟ ಪ್ರಶಸ್ತಿ ಪತ್ರವನ್ನು ಆ ಕಿಟಕಿಯಲ್ಲಿ ತೆಗೆದುಕೊಳ್ಳುವುದಿಲ್ಲ.

ಹಣದ ಜೊತೆಗೆ ಆ ಮೊದಲ ಕಂತೂ ಸಲ್ಲಬೇಡವೆ? ಅಂತರ ಕಾಲೇಜು ಪಂದ್ಯಗಳ ಕಾಲದಲ್ಲಿ ಮೈದಾನದ ಕಲ್ಲುಮೆಟ್ಟಿಲುಗಳು ಬಿಸಿಲಲ್ಲಿ ಖಾಲಿ ಕಾಯುತ್ತಿರುತ್ತವೆ. ವಿಜಯನಗರದಿಂದ ಜ್ಞಾನಭಾರತಿಗೆ ಮೆಟ್ರೋ ರೈಲಿನಲ್ಲಿ ಕಾಲು ಗಂಟೆಯ ದಾರಿ. ಮೊಮ್ಮಗನನ್ನು ಕರೆದುಕೊಂಡು ಹೋಗುವ ಅಜ್ಜಂದಿರು ಟೋಪಿಯನ್ನೂ ಒಂದು ಬಾಟಲಿ ನೀರನ್ನೂ ಒಯ್ಯುವುದು ಒಳ್ಳೆಯದು. ಅಲ್ಲಿ ನೆರಳು ಕಡಿಮೆ.